ಟ್ಯೂಬ್ ಪ್ರೀ ಆಂಪ್ ತಗೋಬೇಕು: 10ಕೆ ಇನ್‌ಪುಟ್ ಇರೋ ಪವರ್ ಆಂಪ್‌ಗೆ ಯಾವುದು ಹೊಂದುತ್ತೆ?

ಕುವೆಂಪುನಗರದವ
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಇಲ್ಲಿ ಓದ್ತಾನೇ ಇದೀನಿ, ಬರೀತಿರೋದು ಇದೇ ಮೊದಲು. ಮೈಸೂರಲ್ಲಿ ಮನೆ, 12ಕ್ಕೆ 15 ಅಡಿಯ ಹಾಲ್. ಟ್ರಾನ್ಸಿಸ್ಟರ್ ಪವರ್ ಆಂಪ್, ಬುಕ್‌ಶೆಲ್ಫ್ ಸ್ಪೀಕರ್, ಲ್ಯಾಪ್‌ಟಾಪಿಗೆ ಹಾಕಿರೋ ಡ್ಯಾಕ್ (ಡಿಜಿಟಲ್ ಹಾಡನ್ನ ಅನಲಾಗ್ ಸಿಗ್ನಲ್ ಮಾಡೋ ಡಬ್ಬ), ಒಂದು ಟರ್ನ್‌ಟೇಬಲ್. ಟರ್ನ್‌ಟೇಬಲ್‌ಗೆ, ಅದರ ಸಣ್ಣ ಸಿಗ್ನಲ್ ಹೆಚ್ಚಿಸೋಕೆ, ಬೇರೆ ಫೋನೋ ಬಾಕ್ಸ್ ಇದೆ. ಈಗಿರೋ ಪ್ರೀ ಆಂಪ್‌ನಲ್ಲಿ (ಡ್ಯಾಕೋ ಫೋನೋನೋ ಆರಿಸಿ, ವಾಲ್ಯೂಮ್ ಹೊಂದಿಸಿ ಪವರ್ ಆಂಪ್‌ಗೆ ಕೊಡೋ ಡಬ್ಬ) ವಾಲ್ಯೂಮ್ ತಿರುಗಿಸಿದ್ರೆ ಕರಕರ ಅನ್ನುತ್ತೆ, ಬಲಗಡೆ ಚಾನೆಲ್ ಆಗಾಗ ಮಾಯ. ಹೇಗೂ ಬದಲಾಯಿಸಬೇಕು, ಈ ಸಲ ಟ್ಯೂಬ್ (ವಾಲ್ವ್) ಇರೋದನ್ನೇ ತರೋಣ ಅಂತ ಆಸೆ.

ಎರಡು ನೋಡಿಟ್ಟಿದೀನಿ. ಎರಡೂ ಸೆಕೆಂಡ್ ಹ್ಯಾಂಡ್, ಎರಡೂ ಕೈಯಲ್ಲಿ ಕಟ್ಟಿದ್ದು. ಒಂದರಲ್ಲಿ ಎರಡು 12ಎಎಕ್ಸ್7 ಟ್ಯೂಬ್, ಇನ್ನೊಂದರಲ್ಲಿ ಎರಡು 12ಎಯು7 ಟ್ಯೂಬ್. ಮೊದಲನೇದರಲ್ಲಿ ಜರ್ಮನಿಯ ಟೆಲಿಫಂಕನ್ ಕಂಪನಿಯ ಟ್ಯೂಬ್ ಇದೆ ಅಂತ 5 ಸಾವಿರ ಜಾಸ್ತಿ ಕೇಳ್ತಿದಾರೆ. ನನ್ನ ಬಜೆಟ್ 40 ಸಾವಿರ. ಪವರ್ ಆಂಪ್ ಹಿಂದೆ "ಇನ್‌ಪುಟ್ ಇಂಪೀಡೆನ್ಸ್ 10ಕೆ" ಅಂತ ಬರೆದಿದೆ. ಅದು ಮುಖ್ಯಾನಾ? ಯಾವುದು ತಗೊಳ್ಳಲಿ?

ಹಾಸನದ_ಹೊಸಬ
12ಎಎಕ್ಸ್7 ತಗೊಳ್ಳಿ ಸರ್. ಗೇನ್ (ಸಿಗ್ನಲ್ ಹೆಚ್ಚಿಸೋ ಶಕ್ತಿ) ಜಾಸ್ತಿ, ಟೆಲಿಫಂಕನ್ ಬೇರೆ. ಆಮೇಲೆ ಸಿಗಲ್ಲ.

ಬರೇ_ಅಳತೆ
ಮೊದಲು ಒಂದು ಪ್ರಶ್ನೆ. ಪ್ರೀ ಆಂಪ್ ಬೇಕಾ ನಿಮಗೆ? ಸಾಮಾನ್ಯ ಡ್ಯಾಕ್ 2 ವೋಲ್ಟ್ ಕೊಡುತ್ತೆ. ಪವರ್ ಆಂಪ್ ಪೂರ್ತಿ ಶಕ್ತಿ ಕೊಡೋಕೆ 1 ವೋಲ್ಟೋ ಒಂದೂವರೆಯೋ ಸಾಕು. ಅಂದ್ರೆ ಇರೋದನ್ನೇ ಕಡಿಮೆ ಮಾಡಬೇಕು, ಹೆಚ್ಚಿಸೋ ಕೆಲಸಾನೇ ಇಲ್ಲ. ಒಳ್ಳೇ ವಾಲ್ಯೂಮ್ ಕಂಟ್ರೋಲು, ಒಂದು ಸೆಲೆಕ್ಟರ್ ಸ್ವಿಚ್ಚು, ಒಂದು ಡಬ್ಬ. ಮುಗೀತು. ಟ್ಯೂಬ್ ಸೇರಿಸೋದು ಎರಡನೇ ಹಾರ್ಮೋನಿಕ್ ಡಿಸ್ಟಾರ್ಷನ್, ಅಂದ್ರೆ ಬಂದ ಸಿಗ್ನಲ್‌ನಲ್ಲಿ ಇಲ್ಲದ, ಅದರ ಎರಡರಷ್ಟು ಫ್ರೀಕ್ವೆನ್ಸಿಯ ಸದ್ದು. ಅದು ಇಷ್ಟ ಅಂದ್ರೆ ತಗೊಳ್ಳಿ, ನನ್ನ ತಕರಾರಿಲ್ಲ. ಆದರೆ ಏನು ಕೊಂಡುಕೊಳ್ತಿದೀರಿ ಅಂತ ಗೊತ್ತಿರಲಿ.

ಧಾರವಾಡ_ಪೇಡೆ
ಅಲ್ರೀ, ಅವರು ಕೇಳಿದ್ದು ಯಾವುದು ತಗೋಬೇಕಂತ. ಬ್ಯಾಡ ಅಂತ ಹೇಳಾಕ ನೀವು ಯಾಕ ಬಂದ್ರಿ? ನಮ್ಮ ಮನ್ಯಾಗ ಎಂಟು ವರ್ಷದಿಂದ ಟ್ಯೂಬ್ ಪ್ರೀ ಐತಿ. ಮನ್ಸೂರ ಅಣ್ಣಾವರ ಎಲ್‌ಪಿ ಹಾಕಿ ಕುಂತ್ರ, ಮುಂದ ತಂಬೂರಿ ಹಿಡಕೊಂಡು ಕುಂತಾರ ಅನಸ್ತೈತಿ. ಮೀಟರಿನ್ಯಾಗ ಅದು ಕಾಣಂಗಿಲ್ಲ.

ಬರೇ_ಅಳತೆ
ಕಾಣುತ್ತೆ ಅಣ್ಣ. ನಿಮ್ಮ ಕಿವಿಗೆ ಹಿತವಾಗಿ ಕೇಳ್ತಿರೋದನ್ನೇ ಮೀಟರ್ ಡಿಸ್ಟಾರ್ಷನ್ ಅಂತ ತೋರಿಸುತ್ತೆ. ಹಿತವಲ್ಲ ಅಂತ ನಾನು ಹೇಳಲೇ ಇಲ್ಲ.

ವಾಲ್ವ್_ಮಾಮ
ನಿಮ್ಮಿಬ್ಬರ ಜಗಳ ಇಲ್ಲಿ ವರ್ಷಕ್ಕೆ ಎರಡು ಸಲ ಆಗುತ್ತೆ, ಈ ಹುಡುಗನ ಕೆಲಸ ಆದ ಮೇಲೆ ಇಟ್ಟುಕೊಳ್ಳಿ.

@ಕುವೆಂಪುನಗರದವ, ಆ 10ಕೆ ಅನ್ನೋದೇ ನಿನ್ನ ಪ್ರಶ್ನೆಯ ಪ್ರಾಣ. 10ಕೆ ಅಂದರೆ 10 ಸಾವಿರ ಓಮ್, ಒಳಗೆ ಬರೋ ಸಿಗ್ನಲ್ಲಿಗೆ ಪವರ್ ಆಂಪ್ ಒಡ್ಡೋ ತಡೆ. ಬ್ರ್ಯಾಂಡ್, ಟೆಲಿಫಂಕನ್ ಎಲ್ಲ ಆಮೇಲಿನ ಮಾತು. ಸರ್ಕ್ಯೂಟ್ ಚಿತ್ರ ಕೇಳಿ ತರಿಸು, ಔಟ್‌ಪುಟ್ ಎಲ್ಲಿಂದ ತೆಗೆದಿದ್ದಾರೆ ನೋಡು. ಪ್ಲೇಟಿನಿಂದಲೋ, ಕ್ಯಾಥೋಡಿನಿಂದಲೋ? ಎರಡೂ ವಾಲ್ವಿನೊಳಗಿನ ಭಾಗಗಳು.

12ಎಎಕ್ಸ್7ನ ಒಳಗಿನ ಪ್ಲೇಟ್ ರೆಸಿಸ್ಟೆನ್ಸ್ ಸುಮಾರು 62ಕೆ. ಪ್ಲೇಟಿಗೆ 100ಕೆ ಹಾಕಿ ಅಲ್ಲಿಂದಲೇ ಔಟ್‌ಪುಟ್ ತೆಗೆದರೆ ಔಟ್‌ಪುಟ್ ಇಂಪೀಡೆನ್ಸ್ ಸುಮಾರು 38ಕೆ. ಅದನ್ನ ನಿನ್ನ 10ಕೆಗೆ ಕಟ್ಟಿದರೆ ಐದರಲ್ಲಿ ನಾಲ್ಕು ಭಾಗ ಸಿಗ್ನಲ್ ಅಲ್ಲೇ ಕಳೆದುಹೋಗುತ್ತೆ, ಆ ವಾಲ್ವಿಗೆ ಹೊರಲಾರದ ಹೊರೆ, ಡಿಸ್ಟಾರ್ಷನ್ನೂ ಏರುತ್ತೆ. ಟ್ಯೂಬ್ ಪವರ್ ಆಂಪ್ ಆಗಿದ್ದರೆ ಇನ್‌ಪುಟ್ ಸಾಮಾನ್ಯವಾಗಿ 100ಕೆ ಆಸುಪಾಸು ಇರುತ್ತಿತ್ತು, ಅಷ್ಟು ಕಷ್ಟ ಆಗುತ್ತಿರಲಿಲ್ಲ. ಪ್ರೀ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸಿನ ಹತ್ತು ಪಟ್ಟಾದರೂ ಪವರ್ ಆಂಪ್‌ನ ಇನ್‌ಪುಟ್ ಇರಬೇಕು ಅಂತ ನಾವು ಲೆಕ್ಕ ಇಟ್ಟುಕೊಳ್ಳೋದು. ನಿನಗೆ 1ಕೆ ಒಳಗಿರಬೇಕು. 12ಎಯು7 ಕ್ಯಾಥೋಡ್ ಫಾಲೋವರ್ (ಕ್ಯಾಥೋಡಿನಿಂದ ಔಟ್‌ಪುಟ್ ತೆಗೆಯೋ ಸರ್ಕ್ಯೂಟ್) ಆಗಿದ್ದರೆ ಸುಮಾರು 500 ಓಮ್ ಬರುತ್ತೆ.

ಕಡಲತಡಿ
ಮಾಮ ಹೇಳಿದ್ದು ಸರಿ ಉಂಟು. ನಾನು ಇದೇ ತಪ್ಪು ಮಾಡಿದ್ದು ಮಾರಾಯ್ರೆ. 12ಎಎಕ್ಸ್7 ಪ್ರೀ ತಂದು ಕ್ಲಾಸ್ ಡಿ (ಟ್ರಾನ್ಸಿಸ್ಟರಿನದೇ ಒಂದು ಬಗೆ) ಪವರ್ ಆಂಪಿಗೆ ಹಾಕಿದೆ. ಚೆಂಡೆ ಕೇಳಿದರೆ ತಗಡು ಡಬ್ಬ ಬಡಿದ ಹಾಗೆ. ಸ್ಪೀಕರ್ ಸರಿ ಇಲ್ಲ ಅಂತ ಸ್ಪೀಕರ್ ಮಾರಿದೆ! ಆಮೇಲೆ ಗೊತ್ತಾದದ್ದು ಸ್ಪೀಕರಿನದ್ದು ಏನೂ ತಪ್ಪಿಲ್ಲ ಅಂತ. ಆ ಸ್ಪೀಕರಿಗಾಗಿ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಸನದ_ಹೊಸಬ
ಮಾಮ, ಹಾಗಾದ್ರೆ ಮರಾಂಟ್ಜ್ 7 ಅನ್ನೋ ಹಳೇ ಪ್ರೀ ಆಂಪ್‌ನಲ್ಲಿ ಆರಕ್ಕೆ ಆರೂ 12ಎಎಕ್ಸ್7 ತಾನೇ? ಅದನ್ನ ಎಲ್ಲರೂ ತಲೆ ಮೇಲೆ ಹೊತ್ತುಕೊಳ್ತಾರಲ್ಲ?

ವಾಲ್ವ್_ಮಾಮ
ಒಳ್ಳೇ ಪ್ರಶ್ನೆ ಮಗು. ಅದರಲ್ಲಿ ಕೊನೇ ಹಂತ ಕ್ಯಾಥೋಡ್ ಫಾಲೋವರ್. ವಾಲ್ವ್ ಅದೇ, ಔಟ್‌ಪುಟ್ ತೆಗೆದ ಜಾಗ ಬೇರೆ. ಅದೂ ಅಲ್ಲದೆ ಅದರೊಳಗೇ ಫೋನೋ ಇದೆ. ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಡ್ಜ್, ಅಂದರೆ ಟರ್ನ್‌ಟೇಬಲ್ಲಿನ ಮುಳ್ಳು ಕೂರೋ ಭಾಗ, ಕೊಡೋದು 5 ಮಿಲಿವೋಲ್ಟ್ ಆಸುಪಾಸು. ಅಲ್ಲಿ ಗೇನ್ ಬೇಕೇ ಬೇಕು. ಡ್ಯಾಕಿನ 2 ವೋಲ್ಟಿಗೆ 12ಎಎಕ್ಸ್7ನ 60 ಪಟ್ಟು ಗೇನ್ ಹಾಕಿ ಏನು ಮಾಡುತ್ತೀಯ? ವಾಲ್ಯೂಮ್ ಇಷ್ಟೇ ಇಷ್ಟು ತಿರುಗಿಸಿದರೆ ಮನೆ ಹಾರಿಹೋಗುತ್ತೆ. ಆ ಶುರುವಿನ ಜಾಗದಲ್ಲೇ ಎಡ ಬಲ ಚಾನೆಲ್ ಸಮ ಇರೋದಿಲ್ಲ, ರಾತ್ರಿ ಸಣ್ಣಗೆ ಹಾಕಿದರೆ ಗಾಯಕಿ ಎಡಕ್ಕೆ ಸರಿದು ಕೂತಿರುತ್ತಾಳೆ.

ಸ್ಟುಟ್‌ಗಾರ್ಟ್_ಕನ್ನಡಿಗ
ಟೆಲಿಫಂಕನ್ ಬಗ್ಗೆ ಒಂದು ಮಾತು. ಇಲ್ಲಿ ಹಳೇ ಸಾಮಾನಿನ ಸಂತೆಗಳಲ್ಲಿ ಇನ್ನೂ ಸಿಗುತ್ತೆ, ನಕಲಿ ಅದಕ್ಕಿಂತ ಜಾಸ್ತಿ. ಗಾಜಿನ ಮೇಲಿನ ಅಚ್ಚನ್ನ ನಂಬಬೇಡಿ, ಅದನ್ನ ಯಾರು ಬೇಕಾದರೂ ಹಾಕ್ತಾರೆ. ಟ್ಯೂಬ್ ತಲೆಕೆಳಗು ಮಾಡಿ ಪಿನ್ನುಗಳ ಮಧ್ಯೆ ಗಾಜಿನಲ್ಲೇ ಮೂಡಿರೋ ವಜ್ರಾಕಾರದ ಗುರುತು ಇದೆಯಾ ನೋಡಿ. ಟೆಲಿಫಂಕನ್ ತನ್ನ ಕಾರ್ಖಾನೆಯಲ್ಲಿ ಮಾಡಿದ ಟ್ಯೂಬಿಗೆ ಅದು ಇರುತ್ತೆ. ಇಲ್ಲದಿದ್ದರೆ ಆ 5 ಸಾವಿರ ಕೊಡಬೇಡಿ.

ಅಮ್ಮನ_ರೆಕಾರ್ಡು
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಶಿವಮೊಗ್ಗದಿಂದ. ನಮ್ಮ ಅಜ್ಜನ ಮನೇಲಿ ಬಿಇಎಲ್ ಅಂತ ಬರೆದ ವಾಲ್ವುಗಳು ಒಂದು ಬಿಸ್ಕತ್ತಿನ ಡಬ್ಬದ ತುಂಬ ಇವೆ. ಅವು ಇದಕ್ಕೆಲ್ಲ ಬರುತ್ತಾ?

ವಾಲ್ವ್_ಮಾಮ
ಎಸೆಯಬೇಡಮ್ಮ! ಬಿಇಎಲ್ ಅಂದರೆ ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. 1954ರಲ್ಲಿ ಶುರುವಾದ ಕಂಪನಿ, 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಜೊತೆಗೂಡಿ ರೇಡಿಯೋ ವಾಲ್ವ್ ಮಾಡೋಕೆ ತೊಡಗಿತು. ನಮ್ಮ ಮನೆ ರೇಡಿಯೋದಲ್ಲಿ ಹಾಸನದ ಮಳೆಗೂ ಬೆಂಗಳೂರಿನ ಚಳಿಗೂ ಜಗ್ಗದೆ ಇಪ್ಪತ್ತು ವರ್ಷ ಹಾಡಿದ್ದು ಅವೇ. ಒಂದೊಂದರ ಮೇಲೂ ನಂಬರ್ ಇರುತ್ತೆ, ಬರೆದು ಹಾಕು. ಇಸಿಸಿ83 ಅಂತ ಇದ್ದರೆ ಅದೇ 12ಎಎಕ್ಸ್7. ಇಸಿಸಿ82 ಅಂದರೆ 12ಎಯು7. ಇಎಲ್84 ಸಿಕ್ಕರೆ ಅದು ಪವರ್ ವಾಲ್ವ್, ಪ್ರೀ ಆಂಪಿಗೆ ಅಲ್ಲ, ಆದರೂ ಇಟ್ಟುಕೋ. ಹತ್ತಿಯಲ್ಲಿ ಸುತ್ತಿಡು. ಗಾಜಿನ ಮೇಲಿನ ಅಕ್ಷರ ಉಜ್ಜಬೇಡ, ಅಳಿಸಿಹೋಗುತ್ತೆ.

ಅಮ್ಮನ_ರೆಕಾರ್ಡು
ಇಸಿಸಿ83 ಮೂರು, ಇಸಿಸಿ82 ಒಂದು ಇದೆ! ಉಳಿದವು ಇಝಡ್81, ಇಎಫ್86 ಹೀಗೆಲ್ಲ ಇವೆ.

ಧಾರವಾಡ_ಪೇಡೆ
ಅಕ್ಕಾರ, ಇಎಫ್86 ಯಾರಿಗೂ ಹಂಗ ಕೊಡಬ್ಯಾಡ್ರಿ. ಭಾಳ ಕಿಮ್ಮತ್ತಿಂದು.

ಕುವೆಂಪುನಗರದವ
ಮಾಮ, ಚಿತ್ರ ತರಿಸಿದೆ. ನೀವು ಹೇಳಿದ ಹಾಗೇ ಇದೆ. 12ಎಎಕ್ಸ್7ದು ಪ್ಲೇಟ್ ಔಟ್‌ಪುಟ್, ಕೊನೇಲಿ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. 12ಎಯು7ದು ಕ್ಯಾಥೋಡ್ ಫಾಲೋವರ್, 0.47 ಮೈಕ್ರೋಫ್ಯಾರಡ್. ಟೆಲಿಫಂಕನ್‌ಗೆ ವಜ್ರದ ಗುರುತೂ ಇಲ್ಲ, ಅವರಿಗೂ ಗೊತ್ತಿರಲಿಲ್ಲವಂತೆ, ಪಾಪ. ಎರಡನೇದನ್ನ 32 ಸಾವಿರಕ್ಕೆ ಮಾತಾಡಿದೀನಿ. ಭಾನುವಾರ ಬೆಂಗಳೂರಿಗೆ ಹೋಗಿ ತರ್ತೀನಿ.

ಕಡಲತಡಿ
ಒಳ್ಳೇದಾಯ್ತು. ಕ್ಯಾಥೋಡ್ ಫಾಲೋವರ್ ಅಂದ ಮೇಲೆ ಇನ್ನು ಚಿಂತೆ ಇಲ್ಲ.

ಬರೇ_ಅಳತೆ
ಚಿಂತೆ ಇದೆ. ಆ 0.47 ನೋಡಿ. ಕೆಪ್ಯಾಸಿಟರ್ ಮತ್ತು ಮುಂದಿನ ರೆಸಿಸ್ಟೆನ್ಸ್ ಸೇರಿ ಕೆಳಗಿನ ಬಾಸ್ ಕತ್ತರಿಸುತ್ತೆ. 1 ಭಾಗಿಸು 2 ಪೈ ಆರ್ ಸಿ. ಇಲ್ಲಿ ಆರ್ ಅಂದ್ರೆ 10ಕೆ ಮತ್ತೆ ಆ 500 ಓಮ್. 0.47 ಇದ್ದರೆ 32 ಹರ್ಟ್ಸ್‌ನಲ್ಲೇ 3 ಡೆಸಿಬೆಲ್ ಬಿದ್ದುಹೋಗಿರುತ್ತೆ, ಅದರ ಮೇಲೂ ಸ್ವಲ್ಪ ದೂರದ ತನಕ ಪರಿಣಾಮ ಇರುತ್ತೆ. 100ಕೆ ಇನ್‌ಪುಟ್ ಮನಸ್ಸಲ್ಲಿಟ್ಟುಕೊಂಡು ಕಟ್ಟಿದ್ದಾರೆ, ಅಲ್ಲಿ ಅದು 3.4 ಹರ್ಟ್ಸ್, ಏನೂ ತೊಂದರೆ ಇಲ್ಲ. ನಿಮಗೆ 2.2 ಮೈಕ್ರೋಫ್ಯಾರಡ್ ಬೇಕು, ಆಗ 7 ಹರ್ಟ್ಸ್ ಹತ್ತಿರ ಇಳಿಯುತ್ತೆ. ಪಾಲಿಪ್ರೊಪಿಲೀನ್ ಬಗೆಯದು, 400 ವೋಲ್ಟ್ ತಡೆಯೋದು. ಗಾತ್ರ ದೊಡ್ಡದು, ಡಬ್ಬದೊಳಗೆ ಜಾಗ ಇದೆಯಾ ಮೊದಲು ನೋಡಿ.

ವಾಲ್ವ್_ಮಾಮ
ಸರಿಯಾದ ಮಾತು. ನಾನೇ ಹೇಳಬೇಕಿತ್ತು, ಬಿಟ್ಟುಹೋಯಿತು. ಟ್ಯೂಬ್ ಬೇಡ ಅಂದವರೇ ಟ್ಯೂಬ್ ಸೆಟ್ ಉಳಿಸಿದಿರಿ, ಸಂತೋಷ.

ಒಂದು ಸೇರಿಸುತ್ತೀನಿ. ಕೆಪ್ಯಾಸಿಟರ್ ದೊಡ್ಡದಾದಷ್ಟೂ ಆನ್ ಮಾಡಿದಾಗ ಬರೋ ಧಡ್ ಸದ್ದೂ ದೊಡ್ಡದು. ಕ್ಯಾಥೋಡಿನಲ್ಲಿ 100 ವೋಲ್ಟ್ ಆಸುಪಾಸು ಇರುತ್ತೆ, ವಾಲ್ವ್ ಬಿಸಿಯಾಗುತ್ತಾ ಅದು ಏರುವಾಗ ಸ್ಪೀಕರಿಗೆ ಹೊಡೆತ. ಹಾಗಾಗಿ ಮೊದಲು ಪ್ರೀ ಆಂಪ್ ಆನ್, ಒಂದೆರಡು ನಿಮಿಷ ಬಿಟ್ಟು ಪವರ್ ಆಂಪ್. ಆಫ್ ಮಾಡುವಾಗ ಮೊದಲು ಪವರ್ ಆಂಪ್. ಮನೆಯವರಿಗೆಲ್ಲ ಹೇಳಿಕೊಡು. ಮಕ್ಕಳಿದ್ದರೆ ಇನ್ನೂ ಗಟ್ಟಿಯಾಗಿ ಹೇಳು.

ಹಾಸನದ_ಹೊಸಬ
ನಾನೂ ಆನ್‌ಲೈನಲ್ಲಿ 6ಜೆ1 ಟ್ಯೂಬಿನ ಪುಟ್ಟ ಪ್ರೀ ಆಂಪ್ ತಗೊಂಡೆ, 12 ವೋಲ್ಟ್ ಅಡಾಪ್ಟರ್ ಸಾಕು ಅದಕ್ಕೆ. ಟ್ಯೂಬು ಕೆಂಪಗೆ ಚೆನ್ನಾಗಿ ಹೊಳೆಯುತ್ತೆ.

ಬರೇ_ಅಳತೆ
ಆಫ್ ಮಾಡಿದ ತಕ್ಷಣ ಹೊಳಪು ಟಕ್ ಅಂತ ನಿಂತರೆ ಅದು ಟ್ಯೂಬಿನ ಕೆಳಗಿಟ್ಟ ಎಲ್‌ಇಡಿ. ಫಿಲಮೆಂಟ್ ಆಗಿದ್ದರೆ ನಿಧಾನ ಆರುತ್ತೆ. ಕೇಳೋಕೆ ಹಿತವಾಗಿದ್ದರೆ ಕೇಳಿ, ತೊಂದರೆ ಇಲ್ಲ. ಆದರೆ ಅದನ್ನ ಕೇಳಿ ಟ್ಯೂಬ್ ಅಂದ್ರೆ ಇಷ್ಟೇ ಅಂತ ತೀರ್ಮಾನ ಮಾಡಬೇಡಿ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಆ ಟ್ಯೂಬ್ ಪೂರ್ತಿ ಕೆಲಸ ಮಾಡೋದಿಲ್ಲ.

ಹಾಸನದ_ಹೊಸಬ
ಈಗಷ್ಟೇ ನೋಡಿದೆ. ಟಕ್ ಅಂತ ನಿಲ್ತು.

ಕುವೆಂಪುನಗರದವ
ತಂದೆ! ಹಳೇ ರೇಡಿಯೋ ರಿಪೇರಿ ಮಾಡೋರೊಬ್ಬರು ಇಲ್ಲೇ ಸಿಕ್ಕರು, 2.2 ಕೆಪ್ಯಾಸಿಟರ್ ಅವರ ಕೈಲೇ ಹಾಕಿಸಿದೆ. ಧ್ವನಿ ಚೆನ್ನಾಗಿದೆ. ಆದರೆ ಹಮ್. ಒಂದೇ ಸಮ ಗುಂಯ್ ಅಂತ ಬರ್ತಾನೇ ಇದೆ. ವಾಲ್ಯೂಮ್ ಸೊನ್ನೆ ಮಾಡಿದ್ರೆ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ. ಹಳೇ ಪ್ರೀ ಆಂಪ್‌ನಲ್ಲಿ ಇದು ಇರಲಿಲ್ಲ. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ನನ್ನ ಸ್ನೇಹಿತ ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಡು ಅಂತಾನೆ, ತೆಗೀಲಾ?

ವಾಲ್ವ್_ಮಾಮ
ಬೇಡ. ಬೇಡ. ಬೇಡ. ಅದರೊಳಗೆ 250 ವೋಲ್ಟಿಗಿಂತ ಹೆಚ್ಚಿನ ಡಿಸಿ ಇದೆ, ಮೇಲೆ ಲೋಹದ ಡಬ್ಬ. ಒಳಗೊಂದು ತಂತಿ ಬಿಚ್ಚಿ ಡಬ್ಬಕ್ಕೆ ತಾಗಿದ ದಿನ ಆ ಅರ್ಥ್ ಪಿನ್ನೇ ನಿನ್ನನ್ನ ಉಳಿಸೋದು. ಹಮ್ ಸಹಿಸಬಹುದು, ಇದನ್ನ ಸಹಿಸೋಕಾಗಲ್ಲ. ಆ ಸ್ನೇಹಿತನಿಗೂ ಹೇಳು.

ಧಾರವಾಡ_ಪೇಡೆ
ಮಾಮಾ ಹೇಳಿದ್ದು ಖರೆ. ನಮ್ಮ ಕಾಕಾ ಹಂಗ ಅರ್ಥ್ ತಗದು ಆಂಪ್ ಇಟ್ಟಿದ್ದರು. ಒಂದ ಕೈ ಟರ್ನ್‌ಟೇಬಲ್ ಮ್ಯಾಲ, ಒಂದ ಕೈ ಆಂಪ್ ಮ್ಯಾಲ ಇಟ್ಟು ಹೊಡತಾ ತಿಂದರು. ದೇವರ ದಯಾ, ಉಳಕೊಂಡರು.

ಬರೇ_ಅಳತೆ
ಊಹೆ ಬೇಡ, ಕ್ರಮವಾಗಿ ಹುಡುಕಿ. ಫೋನಲ್ಲಿ ಸ್ಪೆಕ್ಟ್ರಮ್ ತೋರಿಸೋ ಆಪ್ ಹಾಕ್ಕೊಂಡು ಸ್ಪೀಕರ್ ಹತ್ತಿರ ಹಿಡೀರಿ. ಮುಖ್ಯವಾಗಿ 50 ಹರ್ಟ್ಸ್ ಎದ್ದು ಕಂಡರೆ ಗ್ರೌಂಡ್ ಲೂಪ್ (ಅರ್ಥ್‌ಗೆ ಎರಡು ದಾರಿಯಾಗಿ ಸುತ್ತು ಬಿದ್ದಿರೋದು) ಅಥವಾ ಹೀಟರಿನಿಂದ (ಟ್ಯೂಬ್ ಬಿಸಿ ಮಾಡೋ ಫಿಲಮೆಂಟ್). 100 ಹರ್ಟ್ಸ್ ಕಂಡರೆ ರೆಕ್ಟಿಫೈಯರ್ ಆದ ಮೇಲಿನದ್ದು, ಅಂದ್ರೆ ಪವರ್ ಸಪ್ಲೈ, ಹಳೇ ಫಿಲ್ಟರ್ ಕೆಪ್ಯಾಸಿಟರ್. ಆಮೇಲೆ ಪ್ರೀ ಆಂಪಿಗೆ ಬರೋ ಕೇಬಲ್ ಎಲ್ಲ ಬಿಚ್ಚಿ (ಪವರ್ ಆಂಪ್ ಆಫ್ ಮಾಡಿಯೇ ಬಿಚ್ಚಬೇಕು), ಇನ್‌ಪುಟ್ಟಿಗೆ ಶಾರ್ಟ್ ಮಾಡಿದ (ಎರಡೂ ತುದಿ ಒಂದಕ್ಕೊಂದು ಸೇರಿಸಿದ) ಆರ್‌ಸಿಎ ಪ್ಲಗ್ ಹಾಕಿ ಕೇಳಿ. ಆಗಲೂ ಹಮ್ ಇದ್ದರೆ ದೋಷ ಒಳಗೆ. ನಿಂತರೆ ಹೊರಗೆ. ಒಂದೊಂದೇ ಕೇಬಲ್ ಹಾಕ್ತಾ ಹೋಗಿ.

ಕಡಲತಡಿ
ಲ್ಯಾಪ್‌ಟಾಪ್ ಚಾರ್ಜರ್ ನೋಡಿ ಮೊದಲು. ನನ್ನ ಪಂದ್ಯ ಅದರ ಮೇಲೆ.

ಕುವೆಂಪುನಗರದವ
50 ಹರ್ಟ್ಸ್ ಬಂತು. ಶಾರ್ಟ್ ಪ್ಲಗ್ ಹಾಕಿದೆ, ಮುಕ್ಕಾಲು ಪಾಲು ಹಮ್ ಮಾಯ. ಫೋನೋ ಹಾಕಿದೆ, ಸುಮ್ಮನಿತ್ತು. ಡ್ಯಾಕ್ ಹಾಕಿದ ತಕ್ಷಣ ಗುಂಯ್! @ಕಡಲತಡಿ ಅವರೇ, ಗೆದ್ರಿ. ಚಾರ್ಜರ್ ಕಿತ್ತೆ, ಆ ಗುಂಯ್ ನಿಂತೇ ಹೋಯ್ತು. ಚಾರ್ಜರ್ ಆಚೆ ಗೋಡೆಯ ಸಾಕೆಟ್ಟಲ್ಲಿತ್ತು, ಆಂಪ್ ಈಚೆ ಗೋಡೆಯಲ್ಲಿ. ಎಲ್ಲವನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿದ ಮೇಲೆ ಚಾರ್ಜರ್ ಇದ್ದರೂ ಹೆಚ್ಚುಕಡಿಮೆ ಇಲ್ಲ. ಹಾಡು ಕೇಳುವಾಗ ಹೇಗೂ ಚಾರ್ಜರ್ ತೆಗೆದಿಡ್ತೀನಿ.

ಹಳೇ ಪ್ರೀ ಆಂಪ್‌ನಲ್ಲಿ ಯಾಕೆ ಇರಲಿಲ್ಲ ಅಂತ ಈಗ ಹೊಳೀತು, ಅದು ಎರಡು ಪಿನ್ ಪ್ಲಗ್ಗು, ಅರ್ಥ್‌ಗೆ ಅದರಿಂದ ದಾರೀನೇ ಇರಲಿಲ್ಲ.

ಉಳಿದ ಕಾಲು ಪಾಲು ಸಣ್ಣದು, ಸ್ಪೀಕರಿಗೆ ಕಿವಿ ಕೊಟ್ರೆ ಮಾತ್ರ ಕೇಳುತ್ತೆ.

ವಾಲ್ವ್_ಮಾಮ
ಆ ಕಾಲು ಪಾಲು ಬಿಡಬೇಡ. ನಿಮ್ಮ ಮನೆಯಲ್ಲಿ ಕರೆಂಟು ಎಷ್ಟು ವೋಲ್ಟ್ ಬರುತ್ತೆ? ಟ್ರಾನ್ಸ್‌ಫಾರ್ಮರ್ ಮೇಲೆ ಎಷ್ಟು ಅಂತ ಬರೆದಿದೆ? ಆ ರಿಪೇರಿಯವರನ್ನೇ ಕರೆದು ಹೀಟರ್ ವೋಲ್ಟೇಜ್ ಅಳೆಸು. ನೀನು ಒಳಗೆ ಕೈ ಹಾಕಬೇಡ, ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪ್ಯಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತೆ.

ಸ್ಟುಟ್‌ಗಾರ್ಟ್_ಕನ್ನಡಿಗ
ಇದು ಅಮೆರಿಕದಿಂದ ಸೆಟ್ ತರೋರೂ ನೆನಪಿಡಬೇಕಾದ್ದು. 120 ವೋಲ್ಟ್‌ನದ್ದಕ್ಕೆ ಸ್ಟೆಪ್ ಡೌನ್ ಹಾಕಿದ್ರೂ ನಮ್ಮದು 50 ಹರ್ಟ್ಸ್, ಅಲ್ಲಿನದು 60. ಬರೀ 60ಕ್ಕೆ ಅಂತ ಸುತ್ತಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಬಿಸಿಯಾಗುತ್ತೆ, ಗುನುಗುತ್ತೆ.

ಅಮ್ಮನ_ರೆಕಾರ್ಡು
ಇನ್ನೊಂದು ಕೇಳಲಾ? ಅಜ್ಜನ ಅಟ್ಟದ ಮೇಲೆ 78 ಆರ್‌ಪಿಎಂನ ಗ್ರಾಮಫೋನ್ ಪ್ಲೇಟುಗಳೂ ಸಿಕ್ಕಿವೆ. ಒಂದರ ಮೇಲೆ "ಗಾಂಧಾರಿ" ಅಂತಿದೆ. ಯಾರವರು? ಮನೆಯ ಟರ್ನ್‌ಟೇಬಲ್ಲಿನಲ್ಲಿ ಹಾಕಬಹುದಾ?

ಧಾರವಾಡ_ಪೇಡೆ
ಅಕ್ಕಾರ!! ಗಂಗೂಬಾಯಿ ಹಾನಗಲ್ಲರು! ಮೊದಮೊದಲಿನ ಪ್ಲೇಟಿನ್ಯಾಗ ಅವರ ಹೆಸರು ಗಾಂಧಾರಿ ಅಂತ ಬರ್ತಿತ್ತು. ಆವಾಗ ಅವರ ಧ್ವನಿ ತೆಳ್ಳಗ ಇತ್ತರೀ, ಆಮ್ಯಾಲೆ ಗಂಟಲ ಆಪರೇಷನ್ ಆಗಿ ಆ ದಪ್ಪ ಧ್ವನಿ ಬಂತು. ಅದನ್ನ ಜ್ವಾಕಿಯಿಂದ ಇಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಎಲ್‌ಪಿ ಮುಳ್ಳು ಹಾಕಬ್ಯಾಡ್ರಿ.

ಬರೇ_ಅಳತೆ
ಮುಳ್ಳಿನ ವಿಷಯ: ಎಲ್‌ಪಿ ಸ್ಟೈಲಸ್ ತುದಿ 0.7 ಮಿಲ್ (ಒಂದು ಮಿಲ್ ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಭಾಗ), 78ರ ಗೆರೆಗೆ 3 ಮಿಲ್ ಬೇಕು. ಸಣ್ಣ ಮುಳ್ಳು ಗೆರೆಯ ತಳಕ್ಕೆ ಇಳಿದು ಕಸ ಕೆರೆಯುತ್ತೆ, ಕರಕರ ಸದ್ದೇ ಜಾಸ್ತಿ ಕೇಳುತ್ತೆ. ಕೆಲವು ಎಂಎಂ ಕಾರ್ಟ್ರಿಡ್ಜಿಗೆ ಸ್ಟೈಲಸ್ ಮಾತ್ರ ಬದಲಾಯಿಸಬಹುದು, ನಿಮ್ಮದಕ್ಕೆ ಸಿಗುತ್ತಾ ವಿಚಾರಿಸಿ. ಆರ್‌ಐಎಎ (ಫೋನೋ ಬಾಕ್ಸ್ ರೆಕಾರ್ಡಿನ ಟೋನ್ ಹೊಂದಿಸೋಕೆ ಬಳಸೋ ನಿಯಮ) ಬಂದದ್ದು 1954ರಲ್ಲಿ, ಈ ಪ್ಲೇಟುಗಳು ಅದಕ್ಕೂ ಹಿಂದಿನವು. ಹಾಗಾಗಿ ಇವತ್ತಿನ ಫೋನೋ ಬಾಕ್ಸಿನಲ್ಲಿ ಟೋನ್ ಸರಿಯಾಗಿ ಬರಲ್ಲ, ಟೋನ್ ಕಂಟ್ರೋಲ್ ಇದ್ದರೆ ಕಿವಿಯಿಂದಲೇ ಹೊಂದಿಸಿಕೊಳ್ಳಬೇಕು. ಮತ್ತೆ ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗಿನ ಪ್ಲೇಟು ಆಲ್ಕೋಹಾಲಿಗೆ ಕರಗುತ್ತೆ.

ಅಮ್ಮನ_ರೆಕಾರ್ಡು
ಅಯ್ಯೋ, ಸ್ಪಿರಿಟ್ ಬಾಟಲಿ ಕೈಯಲ್ಲೇ ಇತ್ತು. ದೊಡ್ಡ ಉಪಕಾರ ಆಯ್ತು.

ಕುವೆಂಪುನಗರದವ
ಅಳೆಸಿದೆ. ಟ್ರಾನ್ಸ್‌ಫಾರ್ಮರ್ ಮೇಲೆ 220 ಅಂತಿದೆ. ನಮ್ಮನೆ ಕರೆಂಟು ಸಂಜೆ 245. ಹೀಟರ್ 6.3 ಇರಬೇಕಾದ್ದು 7.0 ಇದೆ!

ವಾಲ್ವ್_ಮಾಮ
ನನಗೆ ಅದೇ ಅನುಮಾನ ಇತ್ತು. ಶೇಕಡಾ 10 ಹೆಚ್ಚು ಕಡಿಮೆ ತಡೆಯುತ್ತೆ, ಅಂದರೆ 6.9ರ ತನಕ. ನಿನ್ನದು ಗಡಿ ದಾಟಿದೆ. ಹೀಗೇ ಓಡಿಸಿದರೆ ವಾಲ್ವಿನ ಆಯಸ್ಸು ಕಡಿಮೆ, ಹಮ್ಮಿಗೂ ಅದು ಸೇರಿಕೊಳ್ಳುತ್ತೆ. ಎರಡು 12ಎಯು7, 6.3ಕ್ಕೆ ಒಂದೊಂದಕ್ಕೆ 0.3 ಆಂಪಿಯರ್, ಒಟ್ಟು 0.6. ಇಳಿಸಬೇಕಾದ್ದು 0.7 ವೋಲ್ಟ್. 1.2 ಓಮ್ ಹತ್ತಿರ ಬೇಕು. ಒಂದೇ ಕಡೆ ಹಾಕಿಸಬೇಡ, ಹೀಟರಿನ ಎರಡೂ ತಂತಿಗೆ 0.56 ಓಮ್, 2 ವಾಟಿನದು ಒಂದೊಂದು ಹಾಕಿಸು, ಎರಡು ಕಡೆ ಸಮ ಇರುತ್ತೆ. ಆ ತಂತಿಗಳು ಒಂದಕ್ಕೊಂದು ಬಿಗಿಯಾಗಿ ಹೊಸೆದಿವೆಯಾ ಅಂತಲೂ ನೋಡೋಕೆ ಹೇಳು. ಫಿಲ್ಟರ್ ಕೆಪ್ಯಾಸಿಟರ್ ಮೇಲೆ ಎಷ್ಟು ವೋಲ್ಟ್ ಅಂತ ಓದಿಸು, ಹೈ ವೋಲ್ಟೇಜೂ ಅದೇ ಲೆಕ್ಕದಲ್ಲಿ ಏರಿರುತ್ತೆ.

ಹಾಸನದ_ಹೊಸಬ
ಮಾಮ, ಇದರಲ್ಲೇ 6922 ಅನ್ನೋ ಟ್ಯೂಬ್ ಹಾಕಿ ನೋಡಬಹುದಾ? ಅದೂ ಒಂಬತ್ತು ಪಿನ್ನೇ ಅಲ್ವಾ?

ವಾಲ್ವ್_ಮಾಮ
ಪಿನ್ ಒಂಬತ್ತೇ, ಸಂಪರ್ಕ ಬೇರೆ. 12ಎಯು7ರಲ್ಲಿ ಒಂಬತ್ತನೇ ಪಿನ್ ಹೀಟರಿನ ನಡುಭಾಗ, 6922ರಲ್ಲಿ ಅದು ಒಳಗಿನ ಶೀಲ್ಡ್. ಹಾಕಿದರೆ ಕೆಲಸ ಮಾಡಲ್ಲ, ಹಾಳೂ ಆಗಬಹುದು. ಹಾಕಬೇಡ.

ಕುವೆಂಪುನಗರದವ
ಹಾಕಿಸಿದೆ. ಈಗ 6.35. ಫಿಲ್ಟರ್ ಕೆಪ್ಯಾಸಿಟರ್ 400 ವೋಲ್ಟಿನದು, ಅದರಲ್ಲಿ ಬರ್ತಿರೋದು 285. ಸ್ಪೀಕರಿಗೆ ಕಿವಿ ಇಟ್ಟರೂ ಈಗ ಬರೀ ಸಣ್ಣ ಸುಯ್ ಅಷ್ಟೇ. ಪೆನ್ಸಿಲಿನಿಂದ ಟ್ಯೂಬ್ ತಟ್ಟಿದ್ರೆ ಒಂದರಲ್ಲಿ ಟಿಂಗ್ ಅಂತ ಸ್ಪೀಕರಲ್ಲಿ ಕೇಳುತ್ತೆ, ಅದಕ್ಕೇನು ಮಾಡ್ಲಿ?

ನಿನ್ನೆ ರಾತ್ರಿ ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದ್ದೆ. ಮೀಟು ಬಿಟ್ಟ ಮೇಲೆ ತಂತಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಇಷ್ಟು ವರ್ಷ ಕೇಳಿಸಿಕೊಂಡೇ ಇರಲಿಲ್ಲ ನಾನು. ಅಪ್ಪ ಪಕ್ಕದ ರೂಮಿಂದ ಎದ್ದು ಬಂದು ಕೂತ್ರು. ಹನ್ನೊಂದೂವರೆ ತನಕ ಕೂತಿದ್ರು.

ಬರೇ_ಅಳತೆ
ಅದು ಟ್ಯೂಬಿಂದಲೋ, ಹಮ್ ಹೋಗಿದ್ದಕ್ಕೋ ಅನ್ನೋ ಚರ್ಚೆ ಇವತ್ತು ಬೇಡ. ಅಪ್ಪನಿಗೆ ಖುಷಿಯಾಯ್ತಲ್ಲ.

ಟಿಂಗ್ ಅನ್ನೋದು ಮೈಕ್ರೋಫೋನಿಕ್ಸ್, ಟ್ಯೂಬ್ ನಡುಗಿದ್ದು ಸದ್ದಾಗಿ ಬರೋದು. ಹಾಡಿನ ಮಧ್ಯೆ ಕೇಳದಿದ್ದರೆ ಬಿಡಿ. ಕೇಳಿದ್ರೆ ಎಡ ಬಲ ಟ್ಯೂಬ್ ಅದಲು ಬದಲು ಮಾಡಿ. ಟಿಂಗ್ ಟ್ಯೂಬಿನ ಜೊತೆ ಹೋದ್ರೆ ಆ ಟ್ಯೂಬ್ ಬದಲಾಯಿಸಿ. ಪ್ರೀ ಆಂಪನ್ನ ಸ್ಪೀಕರ್ ಇರೋ ಮೇಜಿನ ಮೇಲೇ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೀರಿ.

ಕುವೆಂಪುನಗರದವ
ಅದೇ ಮೇಜು. ಇವತ್ತೇ ತೆಗೀತೀನಿ.

ಅಮ್ಮನ_ರೆಕಾರ್ಡು
@ಕುವೆಂಪುನಗರದವ, ಒಂದು ಟ್ಯೂಬ್ ಬದಲಾಯಿಸಬೇಕಾದ್ರೆ ಅಜ್ಜನ ಡಬ್ಬದ ಇಸಿಸಿ82 ಕೊಡ್ತೀನಿ. ಮುಂದಿನ ತಿಂಗಳು ಮೈಸೂರಿಗೆ ತಂಗಿ ಮನೆಗೆ ಬರ್ತಿದೀನಿ. ದುಡ್ಡು ಬೇಡ. ಅಷ್ಟರಲ್ಲಿ 3 ಮಿಲ್ ಸ್ಟೈಲಸ್ ಸಿಕ್ಕಿದ್ರೆ ಆ ಗಾಂಧಾರಿ ಪ್ಲೇಟೂ ತರ್ತೀನಿ, ನಿಮ್ಮಲ್ಲೇ ಒಂದು ಸಲ ಕೇಳೋಣ.

ಧಾರವಾಡ_ಪೇಡೆ
ತಾರೀಖು ಹೇಳ್ರಿ. ರಾತ್ರಿ ರೈಲಿಗೆ ಹತ್ತಿ ನಾನೂ ಬರ್ತೀನಿ.